ಮೀನಕ್ಕ ಒಪ್ಪದ ಪದ

ಮೀನಕ್ಕ ಗುರುವಾರ ಬೆಳಿಗ್ಗೆ ಪ್ರಯೋಗಾಲಯದ ಕುರ್ಚಿಯಲ್ಲೇ ತೀರಿಕೊಂಡಳು. ಹೃದಯ ನಿಂತಿತು ಎಂದರು ವೈದ್ಯರು. ವಯಸ್ಸು ಐವತ್ತೇಳು.

ನೀರು ಪರೀಕ್ಷಿಸುವ ಕಚೇರಿಯಲ್ಲಿ ಅವಳು ಇಪ್ಪತ್ತೊಂಬತ್ತು ವರ್ಷ ಸಹಾಯಕಿಯಾಗಿದ್ದಳು. ಅಡ್ಡಹೆಸರು ಅಂಟಿದ್ದೂ ಅಲ್ಲೇ. ಕಾರ್ಖಾನೆಯ ಕೊಳೆನೀರು ತುಂಬಿದ ಗಾಜಿನ ತೊಟ್ಟಿಗೆ ಹತ್ತು ಮೀನು ಬಿಟ್ಟು, ನಾಲ್ಕು ದಿನ ಕಾದು, ಎಷ್ಟು ಸತ್ತವೆಂದು ಬರೆಯುವುದು ಅವಳ ಕೆಲಸ. ಆದರೆ ಕಚೇರಿ ಅಚ್ಚು ಹಾಕಿಸಿದ ದಾಖಲೆ ಪುಸ್ತಕದಲ್ಲಿ 'ಸತ್ತವು' ಎಂಬ ಪದವೇ ಇರಲಿಲ್ಲ. ಹತ್ತಿ, ಸೋಸುವ ಕಾಗದಗಳ ಸಾಲಿನಲ್ಲೇ ಮೀನೂ ಇತ್ತು: 'ಬಳಕೆಯಾದವು'.

"ಸಾರ್, ಬಳಕೆಯಾಗೋದು ಸಾಬೂನು. ಇವು ಸತ್ತಿವೆ," ಎಂದು ಮೇಲಧಿಕಾರಿಗೆ ಹೇಳಿ ಹೇಳಿ ಅವಳ ಬಾಯಿ ಬತ್ತಿತ್ತು.

"ಒಂದೊಂದಕ್ಕೂ ಡೆತ್ ಸರ್ಟಿಫಿಕೇಟ್ ಕೊಡೋಣ್ವಾ ಮೀನಕ್ಕ?" ಎಂದು ಆತ ನಗುತ್ತಿದ್ದ.

ಈ ವರ್ಷ ದಡದ ಜನ ಹೊಳೆಯ ಹೆಸರಿನಲ್ಲೇ ದಾವೆ ಹೂಡಿದರು. ಹೊಳೆಗೂ ಬದುಕುವ ಹಕ್ಕಿದೆ, ಬಣ್ಣದ ಕಾರ್ಖಾನೆ ಅದನ್ನು ಕೊಲ್ಲುತ್ತಿದೆ ಎಂಬುದು ವಾದ. ಸಾಕ್ಷಿಗೆ ಮೀನಕ್ಕನ ಪುಸ್ತಕ ಬಂತು.

ಕಾರ್ಖಾನೆಯ ವಕೀಲ ಪುಟ ತಿರುವಿದ. "ಸತ್ತವು ಅಂತ ಎಲ್ಲಿದೆಯಮ್ಮ?"

"ಬಳಕೆಯಾದವು ಅಂದ್ರೆ ಅದೇ ಸಾರ್."

"ಹಾಗಾದ್ರೆ ಹಾಗೇ ಬರೀಬೇಕಿತ್ತು."

ಇಪ್ಪತ್ತೊಂಬತ್ತು ವರ್ಷ ಅವಳು ಅಂಗಲಾಚಿದ್ದೇ ಅದಕ್ಕೆ. ನ್ಯಾಯಾಲಯ ಹೊಸ ಪರೀಕ್ಷೆಗೆ ಆದೇಶಿಸಿತು. ಒಂದು ಪದ ಬದಲಿಸಲಾರದ ಕಚೇರಿಯ ಸೋಮಾರಿತನಕ್ಕೆ ಇನ್ನೂ ಹತ್ತು ಜೀವ.

ಹೊರಗೆ ಮೆಟ್ಟಿಲ ಮೇಲೆ ಕೂತು ಅವಳು ಜೊತೆಗೆ ಬಂದಿದ್ದ ತಂಗಿಗೆ ಹೇಳಿದಳು: "ಕಂಪನಿಗೆ ಉಸಿರಿಲ್ಲ, ಕರುಳಿಲ್ಲ. ಕಾನೂನು ಅದನ್ನ ವ್ಯಕ್ತಿ ಅನ್ನುತ್ತೆ ಕಣೇ. ಹೊಳೆ ಬಾಗಿಲಿಗೆ ಬಂದ್ರೆ ಮಾತ್ರ ನೀನ್ಯಾರು ಅಂತ ಕೇಳುತ್ತೆ."

"ನೀನೂ ಕೊಂದಿದ್ದೀಯಲ್ಲಕ್ಕ," ಎಂದಳು ತಂಗಿ, ಅಳುಕುತ್ತಲೇ.

"ಹೂಂ. ಕೊಂದಿದ್ದೂ ದಂಡವಾಯ್ತಲ್ಲ, ಅದಕ್ಕೇ ಹೊಟ್ಟೆ ಉರಿಯೋದು."

ಸೋಮವಾರ ಬೆಳಿಗ್ಗೆ ಅವಳು ಹತ್ತು ಮೀನು ಬಿಟ್ಟಳು. ಗುರುವಾರ ಬೀಗ ತೆಗೆದು ಒಳಗೆ ಬಂದಾಗ ಆರು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದ ನಾಲ್ಕು ನೀರಿನ ಮೇಲೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ನಿಯಮದ ಪ್ರಕಾರ ಶುಕ್ರವಾರದವರೆಗೂ ನೋಡುತ್ತಾ ಕೂರಬೇಕು. ಅವಳು ಕೂರಲಿಲ್ಲ. ನಾಲ್ಕನ್ನೂ ಸಣ್ಣ ಬಲೆಯಲ್ಲಿ ಎತ್ತಿ ಒಳ್ಳೆಯ ನೀರಿಗೆ ಬಿಟ್ಟಳು. ಪುಸ್ತಕದಲ್ಲಿ ಅಚ್ಚಾಗಿದ್ದ ಪದವನ್ನು ಹೊಡೆದುಹಾಕಿ, ತಪ್ಪಿಲ್ಲದ ಅಕ್ಷರಗಳಲ್ಲಿ ಬರೆದಳು: 'ಆರು ಸತ್ತವು. ಈ ನೀರು ವಿಷವೆಂದು ತಿಳಿಯಲು ಇಷ್ಟು ಸಾವು ಸಾಕು. ಪರೀಕ್ಷೆಯನ್ನು ನಾನೇ ನಿಲ್ಲಿಸಿದ್ದೇನೆ.' ಕೆಳಗೆ ಸಹಿ ಹಾಕಿ ಕುರ್ಚಿಗೆ ಒರಗಿದಳು.