ನಂಜಪ್ಪ ಕೊಟ್ಟ ಮಾತ್ರೆ

ರವಿಕುಮಾರ್ ಚಾಮರಾಜಪೇಟೆಯ ಪ್ರೆಸ್ಸೊಂದರಲ್ಲಿ ಕಾಗದ ಕತ್ತರಿಸುವ ಮಷಿನ್ ನಡೆಸುತ್ತಿದ್ದ. ಲಗ್ನಪತ್ರಿಕೆಯ ಅಂಚು ಕೂದಲೆಳೆಯಷ್ಟೂ ಓರೆಯಾಗದಂತೆ ಕತ್ತರಿಸುತ್ತಿದ್ದ ಕೈ, ಬರಬರುತ್ತಾ ಬೆಳಿಗ್ಗೆ ಕುಡಿಯದಿದ್ದರೆ ನಡುಗತೊಡಗಿತು. ಹೊಟ್ಟೆಯಲ್ಲಿ ನೀರು ತುಂಬಿದಾಗ ಹೆಂಡತಿ ವಿಶಾಖಾ ಅವನನ್ನು ಆಸ್ಪತ್ರೆಗೆ ಸೇರಿಸಿದಳು. ಲಿವರ್ ಮುದುಡಿ ಗಟ್ಟಿಯಾಗಿದೆ, ಇನ್ನು ಕುಡಿದರೆ ಉಳಿಯುವುದಿಲ್ಲ ಎಂದರು ಡಾಕ್ಟರು.

"ಬಿಡ್ಬೇಕು ಅಂತಾನೇ ಇದೆ ಸಾರ್, ಆಗ್ತಿಲ್ಲ. ಏನಾದ್ರೂ ಮಾತ್ರೆ ಕೊಡಿ," ಎಂದ ರವಿಕುಮಾರ್.

"ಇಂಥ ಲಿವರ್‌ಗೆ ಮಾತ್ರೆ ಎಲ್ಲ ಆಗಲ್ಲ. ಮನಸ್ಸು ಗಟ್ಟಿ ಮಾಡ್ಕೊಳ್ಳಿ," ಎಂದು ಡಾಕ್ಟರು ಮುಂದಿನವರನ್ನು ಕರೆದರು.

ಮನೆಗೆ ಬಂದ ಮೇಲೆ ಶ್ರೀರಾಂಪುರದ ಬಾರ್ ಮುಂದೆ ಹಾಯುವಾಗಲೆಲ್ಲ ಅವನ ಕಾಲು ತಡೆಯುತ್ತಿತ್ತು. ಪ್ರೆಸ್ಸಿನ ಬೈಂಡರ್ ನಂಜಪ್ಪ ಅದನ್ನು ಕಂಡು, ತನ್ನ ಹತ್ತಿರ ಉಳಿದಿದ್ದ ಮಾತ್ರೆಗಳನ್ನು ಅವನ ಕೈಗಿಟ್ಟ. "ನಾನು ಬಿಟ್ಟಿದ್ದು ಇದ್ರಿಂದಾನೇ. ಇದು ತಗೊಂಡು ಕುಡಿದ್ರೆ ಜೀವ ಬಾಯಿಗೆ ಬರುತ್ತೆ. ಆ ಭಯಕ್ಕೇ ಬಿಟ್ಬಿಡ್ತೀಯ."

ರವಿಕುಮಾರ್ ಬಿಟ್ಟೇ ಬಿಟ್ಟ. ಮಾತು ಕೊಟ್ಟು ಎಷ್ಟೋ ಸಲ ತಪ್ಪಿದ್ದವನು, ಈ ಸಲ ಗೆದ್ದ ಮೇಲೆಯೇ ಹೆಂಡತಿಗೆ ಮಾತ್ರೆಯ ವಿಷಯ ಹೇಳೋಣವೆಂದುಕೊಂಡ. ಅಷ್ಟರಲ್ಲಿ ಕಣ್ಣು ಹಳದಿಯಾಯಿತು.

"ಮತ್ತೆ ಶುರು ಮಾಡಿದ್ರಾ?" ಎಂದಳು ವಿಶಾಖಾ.

"ಇಲ್ಲ ಕಣೇ."

"ಬಾಬಾಸಾಹೇಬರ ಫೋಟೊ ಮುಂದೆ ನಿಂತು ಹೇಳಿ."

ಅವನು ನಿಂತು ಹೇಳಿದ. ಅವಳು ನಂಬಲಿಲ್ಲ. ಬಟ್ಟೆ ತುಂಬಿಕೊಂಡು ತವರಿಗೆ ಹೊರಟುಹೋದಳು.

ಅವನು ಮೈಮೇಲೆ ಎಚ್ಚರವಿಲ್ಲದೆ ಏನೇನೋ ಬಡಬಡಿಸುತ್ತಿದ್ದಾನೆಂದು ಪಕ್ಕದ ಮನೆಯವರು ಫೋನ್ ಮಾಡಿದಾಗ ಓಡಿ ಬಂದು, ಬೇರೊಂದು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿಯ ಡಾಕ್ಟರಮ್ಮ ಅವನ ಅಂಗಿಯ ಜೇಬಿನಲ್ಲಿದ್ದ ಮಾತ್ರೆಗಳನ್ನು ತಿರುಗಿಸಿ ನೋಡಿದರು.

"ಇದು ಲಿವರ್‌ನೇ ಕೆಡಿಸಬಲ್ಲ ಮಾತ್ರೆ. ಇವರು ಮುಟ್ಟಲೇಬಾರದಿತ್ತು."

"ಕುಡಿದಿದ್ರಾ ಮೇಡಂ?"

"ಇಲ್ಲಮ್ಮ. ಟೆಸ್ಟಲ್ಲಿ ಏನೂ ಬಂದಿಲ್ಲ."

ವಿಶಾಖಾ ಆ ಮಾತ್ರೆಗಳನ್ನು ಕೈಗೆ ತೆಗೆದುಕೊಂಡಳು. "ಇಂಥವರಿಗೆ ಕೊಡೋ ಮಾತ್ರೆ ಬೇರೆ ಇರ್ಲೇ ಇಲ್ವಾ?"

"ಇತ್ತು. ಲಿವರ್ ಕೆಟ್ಟವರಿಗೂ, ನಾವು ನೋಡ್ಕೊಂಡು ಸ್ವಲ್ಪ ಸ್ವಲ್ಪವೇ ಕೊಡಬಹುದಾದ್ದು ಇದೆ. ಈಗ ಅದಕ್ಕೂ ಟೈಮ್ ಮೀರಿದೆ."

ಅವಳು ಅವನ ಕಿವಿಯ ಬಳಿ ಬಗ್ಗಿ, "ನಂಬ್ತೀನಿ ರೀ," ಎಂದಳು. ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಮರುದಿನ ಮಧ್ಯಾಹ್ನ ತೀರಿಕೊಂಡ.

ಮಣ್ಣಿಗೆ ಬಂದವರೆಲ್ಲ ಕುಡಿದು ಹಾಳಾದ ಎಂದೇ ಮಾತಾಡಿಕೊಂಡರು. ನಂಜಪ್ಪನೂ ಕಣ್ಣೊರೆಸಿಕೊಳ್ಳುತ್ತಾ, "ನಾನು ಕೊಟ್ಟ ಮಾತ್ರೆ ತಗೊಂಡು ಬಿಟ್ಟಿದಾನೆ ಅನ್ಕೊಂಡಿದ್ದೆ ತಾಯಿ," ಎಂದ.

"ಬಿಟ್ಟಿದ್ರು," ಎಂದಳು ವಿಶಾಖಾ. "ಆ ಮಾತ್ರೆ ಇನ್ನೂ ಇದ್ರೆ ಯಾರಿಗೂ ಕೊಡ್ಬೇಡಿ ಅಣ್ಣ."

ನಂಜಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ, ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತ.