ಬೆನ್ನಿಗೆ ಸಿಕ್ಕ ಪಾರ್ಟು

ನನ್ನ ಪಾಲಿಗೆ ಬಂದದ್ದು ಮೂರೇ ಮೂರು ಮಾತು. ಅದಕ್ಕೂ ಮೊದಲು ಎರಡು ಸಿನಿಮಾಗಳಲ್ಲಿ ಮುಖ ತೋರಿಸಿದ್ದೆ, ಒಂದರಲ್ಲಿ ಮದುವೆ ಊಟದ ಪಂಕ್ತಿಯಲ್ಲಿ, ಇನ್ನೊಂದರಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ. ಎರಡರಲ್ಲೂ ಬಾಯಿಗೆ ಕೆಲಸವಿರಲಿಲ್ಲ. ಪಂಕ್ತಿಯಲ್ಲಂತೂ ಅನ್ನ ಬಡಿಸುವ ಮೊದಲೇ ಕಟ್ ಅಂದುಬಿಟ್ಟರು. ಹೀಗಾಗಿ ಮೂರು ಮಾತಿನ ಪಾರ್ಟು ಸಿಕ್ಕಾಗ ನಮ್ಮೂರು ಗುರುಗುಂಟಾದಲ್ಲಿ ಕುರಿ ಕಾಯುವವರಿಂದ ಹಿಡಿದು ಲಿಂಗಸುಗೂರಿನ ನನ್ನ ಕಾಲೇಜು ಗೆಳತಿಯರವರೆಗೆ ಎಲ್ಲರಿಗೂ ಸುದ್ದಿ ಮುಟ್ಟಿಸಿದೆ. ನಾನು ಸ್ವಲ್ಪ ಜಂಬದವಳೇ, ಮುಚ್ಚಿಟ್ಟು ಏನು ಮಾಡಲಿ.

ಮಸ್ಕಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ನಟನೆ ಎಲ್ಲಿ ಕಲಿತೆ ಎಂದು ಕೇಳಿದವರಿಗೆ ಅಲ್ಲೇ ಎನ್ನುತ್ತೇನೆ, ಅವರು ನಗುತ್ತಾರೆ. ಆದರೆ ಆಧಾರ್ ಕಾರ್ಡನ್ನು ಒಬ್ಬೊಬ್ಬರು ಒಂದೊಂದು ಥರ ತೆಗೆದುಕೊಡುವುದನ್ನು ನೋಡಬೇಕು. ಕೆಲವರು ಮೇಜಿನ ಮೇಲೆ ಬಿಸಾಕುತ್ತಾರೆ. ಕೆಲವರು ಕೊಟ್ಟ ಮೇಲೂ ಒಂದು ತುದಿ ಹಿಡಿದೇ ಇರುತ್ತಾರೆ, ನಾನು ಎಳೆದುಕೊಳ್ಳಬೇಕು. ಮುದಗಲ್‌ನಲ್ಲಿ ಬಳೆ ತೊಡಿಸುವ ಒಬ್ಬ ಹೆಂಗಸು ಇದ್ದಾರೆ, ಎಲ್ಲರೂ ಖಾಲಾ ಎನ್ನುತ್ತಾರೆ. ಅವರು ಬಳೆ ಏರಿಸುವಾಗ ಕೈ ನೋಡುವುದಿಲ್ಲ, ಮುಖ ನೋಡುತ್ತಾರೆ. ನೋವಾದದ್ದು ಮೊದಲು ಅಲ್ಲೇ ಗೊತ್ತಾಗುವುದಂತೆ. ಇಂಥದ್ದನ್ನೆಲ್ಲ ನಾನು ಕದ್ದು ಇಟ್ಟುಕೊಳ್ಳುತ್ತೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿ ಇದ್ದರೂ ಒಳಗಡೆ ಮುಖ ಮಾಡಿ ಕೂರುವವಳು ನಾನೊಬ್ಬಳೇ ಇರಬೇಕು.

ಈ ಸಲದ ಪಾರ್ಟು ಭತ್ತದ ನಾಟಿ ಹಚ್ಚುವ ಹೆಣ್ಣಾಳುಗಳ ಮುಂದಾಳಿನದು. ಸಾವುಕಾರ ಅವರಲ್ಲೊಬ್ಬಳನ್ನು ಬೈದು ಕಳಿಸಿರುತ್ತಾನೆ. ನಾನು ನಾಟಿ ಹಚ್ಚುತ್ತಲೇ ಹೇಳಬೇಕು: "ನಾಳೆ ನಾವು ಬರಾಂಗಿಲ್ಲ. ಅಕಿ ಬಂದ್ರ ಬರ್ತೀವಿ. ಇಲ್ಲಂದ್ರ ನೀವ ಹಚ್ಚಿಕೊಳ್ರಿ." ಮಾತು ಬಾಯಿಗೆ ಬಂತು, ಆದರೆ ಕೈಗೆ ನಾಟಿ ಗೊತ್ತಿರಲಿಲ್ಲ. ನಮ್ಮದು ಮಳೆ ನಂಬಿದ ಒಣ ಹೊಲ. ನೀರು ನಿಲ್ಲಿಸಿ ಬೆಳೆಯುವುದನ್ನು ನಾನು ಬಸ್ಸಿನಿಂದ ನೋಡಿದ್ದೇ ಹೊರತು ಕಾಲಿಟ್ಟವಳಲ್ಲ. ಪುಣ್ಯಕ್ಕೆ ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಸಿಂಧನೂರಿನ ಹತ್ತಿರ ವಳಕಮದಿನ್ನಿಯಲ್ಲಿದ್ದಾಳೆ. ಅಲ್ಲಿ ನಾಟಿ ಹಚ್ಚುವ ಗುಂಪಿಗೆ ಅವಳೇ ಮುಂದಾಳು. ಅಂಗಡಿಯನ್ನು ಗೆಳತಿಗೆ ಒಪ್ಪಿಸಿ ಹದಿನೈದು ದಿನಕ್ಕೆ ಅಲ್ಲಿಗೆ ಹೋದೆ.

ಮೊದಲ ದಿನ ಸಸಿ ಕಟ್ಟು ಹಿಡಿದು ಉತ್ಸಾಹದಿಂದ ಹಚ್ಚುತ್ತಾ ಮುಂದೆ ಮುಂದೆ ಹೋದೆ.

"ಏ ಹುಚ್ಚಿ! ನೀ ಹಚ್ಚಿದ್ದನ್ನ ನೀನ ತುಳಿಯಾಕತ್ತೀ! ಹಿಂದಕ್ಕ ಸರೀಬೇಕ ಬೇ, ಹಿಂದಕ್ಕ!" ಎಂದು ದೊಡ್ಡವ್ವ ಕೂಗಿದಳು. ಇಡೀ ಸಾಲು ಬಿದ್ದು ಬಿದ್ದು ನಕ್ಕಿತು.

ನಾಟಿ ಹಚ್ಚುವವರು ಹಿಂದಕ್ಕೇ ನಡೆಯುತ್ತಾರೆ ಎಂಬ ಅಷ್ಟು ಸಣ್ಣ ಸಂಗತಿ ನನಗೆ ಗೊತ್ತಿರಲಿಲ್ಲ. ಹದಿನೈದು ದಿನದಲ್ಲಿ ಅದು ಮೈಗೆ ಹತ್ತಿತು. ನಾಲ್ಕು ಸಸಿ ಊರಿದರೆ ಕಾಲು ತಾನಾಗಿ ಹಿಂದೆ ಸರಿಯುತ್ತಿತ್ತು. ಅದರ ಜೊತೆಗೆ ಇನ್ನೊಂದನ್ನು ಕದ್ದೆ. ದೊಡ್ಡವ್ವ ಬಗ್ಗಿದವಳು ಒಮ್ಮೆಗೇ ಏಳುತ್ತಿರಲಿಲ್ಲ. ಮೊದಲು ಮೊಣಕೈ ತೊಡೆಗೆ ಊರುತ್ತಿದ್ದಳು, ಆಮೇಲೆ ಎಡಗೈ ನಡುವಿಗೆ, ಆಮೇಲೆ ಏಳುವುದು. ಎದ್ದ ಮೇಲೆ ಎಷ್ಟು ಹಚ್ಚಿದ್ದಾಯಿತು ಎಂದು ಗದ್ದೆಯ ಎದುರು ತುದಿಯನ್ನೊಮ್ಮೆ ನೋಡುತ್ತಿದ್ದಳು. ಅವಳಿಗೆ ಹೇಳಲಿಲ್ಲ. ಹೇಳಿದರೆ ಬೇರೆ ಥರ ಏಳುತ್ತಿದ್ದಳು.

ಶೂಟಿಂಗ್ ಅದೇ ಊರಿನ ಗದ್ದೆಯಲ್ಲಿ. ದೊಡ್ಡವ್ವನ ಗುಂಪೇ ನನ್ನ ಅಕ್ಕಪಕ್ಕ. ಅವಳು ಮಾತ್ರ ಒಡ್ಡಿನ ಮೇಲೆ ನಿಂತು ಸಸಿ ಕಟ್ಟು ಎಸೆಯುತ್ತಿದ್ದಳು. ಕ್ಯಾಮೆರಾ ನನ್ನ ಮುಂದೆ, ಅದರ ಪಕ್ಕದಲ್ಲೇ ಸಾವುಕಾರನ ಪಾರ್ಟಿನವರು. ಮೊದಲ ಮಾತು ಹೇಳಿ ಹಿಂದೆ ಸರಿದೆ. ಎರಡನೆಯದು ಹೇಳಿ ಇನ್ನೂ ಸರಿದೆ.

"ಕಟ್! ಮೇಡಂ, ಹಿಂದೆ ಯಾಕೆ ಹೋಗ್ತಿದೀರಾ? ಫೋಕಸ್ ಹೋಗ್ತಿದೆ. ಕ್ಯಾಮೆರಾ ಕಡೆ ಬನ್ನಿ" ಎಂದರು ಬೆಂಗಳೂರಿನ ನಿರ್ದೇಶಕರು.

ನಾಲ್ಕು ಸಲ ಹೀಗೇ ಆಯಿತು. ಐದನೆಯ ಸಲ ಹಲ್ಲು ಕಚ್ಚಿ ಮುಂದೆ ಒಂದು ಹೆಜ್ಜೆ ಇಟ್ಟೆ.

"ಲೇ, ಸಸಿ!" ಎಂದು ಒಡ್ಡಿನಿಂದ ದೊಡ್ಡವ್ವನ ಕೂಗು ಬಂತು.

ನಿರ್ದೇಶಕರು ತಾಳ್ಮೆಗೆಟ್ಟಿದ್ದರು. "ಹಾಗಾದ್ರೆ ನಿಂತಲ್ಲೇ ಹಚ್ಚಿ. ಅದೂ ಆಗಲ್ಲ ಅಂದ್ರೆ ಡೈಲಾಗ್ ಬೇರೆಯವರಿಗೆ ಕೊಡ್ತೀನಿ, ಬಿಸಿಲು ಇಳೀತಾ ಇದೆ."

ನಿಂತಲ್ಲೇ ಹಚ್ಚಿದೆ. ಒಂದೇ ಜಾಗದಲ್ಲಿ ಸಸಿ ಮೇಲೆ ಸಸಿ ಬಿತ್ತು, ಪಕ್ಕದ ಹೆಂಗಸರು ಕಿಸಕ್ಕೆಂದರು. ನನಗೇ ನಾಚಿಕೆಯಾಯಿತು. ಹದಿನೈದು ದಿನದ ಕೆಸರು ಕಾಲಲ್ಲಿದೆ, ಮಾಡುತ್ತಿರುವುದು ಮಾತ್ರ ಸುಳ್ಳು. ಹೆದರಿಕೆಗಿಂತ ಸಿಟ್ಟು ಹೆಚ್ಚಿತ್ತು, ಬಾಯಿ ಬಿಟ್ಟೆ.

"ಸರ್, ಕ್ಯಾಮೆರಾ ನನ್ನ ಹಿಂದ ಇಡ್ರಿ. ನಾವ ಅದರ ಕಡೆ ಬರ್ತೀವಿ."

"ಮುಖ ಕಾಣಲ್ಲ ನಿಮ್ದು. ಬೆನ್ನು ಮಾತ್ರ. ಪರವಾಗಿಲ್ವಾ?"

ಗುರುಗುಂಟಾ, ಲಿಂಗಸುಗೂರು, ಎಲ್ಲ ನೆನಪಾಯಿತು. ಆದರೂ "ನಡೀತದ್ರಿ" ಅಂದೆ.

ಕ್ಯಾಮೆರಾ ಹಿಂದಿನ ಒಡ್ಡಿಗೆ ಹೋಯಿತು. ಸಾವುಕಾರ ಎದುರಿನ ಒಡ್ಡಿನ ಮೇಲೆಯೇ ಉಳಿದ, ಮುಖವೆಲ್ಲ ಅವನದೇ ಆಯಿತು. ಬಗ್ಗಿ ಮೊದಲ ಎರಡು ಮಾತು ಹೇಳುತ್ತಾ ಹಿಂದೆ ಸರಿದೆ. ಮೂರನೆಯದಕ್ಕೆ ಮೊದಲು ಮೊಣಕೈ ತೊಡೆಗೆ ಕೊಟ್ಟೆ, ಎಡಗೈ ನಡುವಿಗೆ ಇಟ್ಟೆ, ನಿಧಾನಕ್ಕೆ ಎದ್ದೆ. ಗದ್ದೆಯ ಎದುರು ತುದಿಯನ್ನೊಮ್ಮೆ ನೋಡಿ "ಇಲ್ಲಂದ್ರ ನೀವ ಹಚ್ಚಿಕೊಳ್ರಿ" ಅಂದೆ. ಕಟ್ ಅನ್ನುವುದು ತಡವಾಯಿತು. ಅಂದ ಮೇಲೆ ನಿರ್ದೇಶಕರು ಇನ್ನೊಮ್ಮೆ ಮಾಡಿ ಎನ್ನಲಿಲ್ಲ.

ಸಿನಿಮಾ ಸಿಂಧನೂರಿಗೆ ಬಂದಾಗ ದೊಡ್ಡವ್ವ ಮತ್ತು ಅವಳ ಗುಂಪು ಎರಡು ಟಂಟಂ ಆಟೊ ತುಂಬಿಕೊಂಡು ಬಂದರು. ಅವ್ವ ಗುರುಗುಂಟಾದಿಂದ ಬಂದಳು. ನನ್ನ ಎಡಕ್ಕೆ ಅವ್ವ, ಬಲಕ್ಕೆ ದೊಡ್ಡವ್ವ. ಬೆನ್ನಿನ ಸಂಗತಿಯನ್ನು ಅವ್ವನಿಗೆ ಹೇಳುವ ಧೈರ್ಯ ಆಗಿರಲಿಲ್ಲ. ಗದ್ದೆ ಬಂತು, ಬೆನ್ನುಗಳ ಸಾಲು ಬಂತು, ಗುಂಪಿನವರ ಕೇಕೆಯಲ್ಲಿ ಮೊದಲ ಮಾತುಗಳು ಕೇಳಿಸಲೇ ಇಲ್ಲ. ನಡುವಿನ ಬೆನ್ನು ನಿಧಾನಕ್ಕೆ ಎದ್ದು ನಿಂತಿತು.

ಅವ್ವ ನನ್ನನ್ನು ದಾಟಿ ಬಗ್ಗಿ ದೊಡ್ಡವ್ವನ ತೋಳು ಹಿಡಿದಳು. "ಅಕ್ಕಾ! ನೀನೂ ಆಕ್ಟ್ ಮಾಡೀಯಾ? ನನಗ ಹೇಳಲೇ ಇಲ್ಲ!"

ಹೆತ್ತವಳಿಗೇ ನನ್ನ ಗುರುತು ಸಿಗಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು.

ದೊಡ್ಡವ್ವ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆ ದೃಶ್ಯ ಮುಗಿದ ಮೇಲೆ ನನ್ನ ಕಿವಿಯಲ್ಲಿ ಕೇಳಿದಳು: "ನಾ ಹಂಗ ಏಳ್ತೀನೇನ?"

"ಹೂಂ ದೊಡ್ಡವ್ವ."

"ನಡಾ ನೋಯ್ತದ ಅಂತ ನಾ ಯಾರಿಗೂ ಹೇಳಿದ್ದಿಲ್ಲಲ್ಲ ಬೇ."

ನಾನು ಅವಳ ಕೈ ಹಿಡಿದುಕೊಂಡೆ. ಸಿನಿಮಾ ಮುಗಿದು ದೀಪ ಹತ್ತಿತು. ದೊಡ್ಡವ್ವ ಏಳಲು ಮೊಣಕೈಯನ್ನು ತೊಡೆಗೆ ಊರಿ ಎಡಗೈಯನ್ನು ನಡುವಿಗೆ ಒಯ್ದಳು. ಅಷ್ಟರಲ್ಲಿ ನಾನು ನೋಡುತ್ತಿರುವುದು ಅವಳ ಕಣ್ಣಿಗೆ ಬಿತ್ತು. ತಟ್ಟನೆ ಕೈ ತೆಗೆದು, ಹದಿನಾರರ ಹುಡುಗಿಯ ಹಾಗೆ ನೆಟ್ಟಗೆ ಎದ್ದು ನಿಂತಳು.

"ಸಾಕು ಬಿಡ ಕದ್ದಿದ್ದು" ಎಂದು ತಲೆಗೊಂದು ಮೊಟಕಿದಳು.