ಹಸಿ ನೆಲಕ್ಕೆ ಇಳಿಯದ ಡ್ರೈವರ್

ಕುರುಗೋಡಿನ ನಮ್ಮ ಕಪ್ಪು ಮಣ್ಣಿನ ಎರೆಹೊಲ ಉಳುತ್ತಿದ್ದ ಟ್ರ್ಯಾಕ್ಟರ್ ಡ್ರೈವರ್ ಮೊದಲು ಒಂದು ಹಿಡಿ ಮಣ್ಣು ಹಿಸುಕಿ ನೋಡುತ್ತಿದ್ದ. ಅದು ಉಂಡೆಯಾಗಿ ನಿಂತರೆ ನೆಲ ಇನ್ನೂ ಹಸಿ ಎಂದು ಕೀಲಿ ಜೇಬಿಗೆ ಹಾಕಿ, "ಹೊಲ ಎಲ್ಲಿಗೂ ಓಡಿ ಹೋಗಂಗಿಲ್ರಿ" ಎನ್ನುತ್ತಿದ್ದ.

ಒಂದು ವರ್ಷ ಮೆಣಸಿನ ಸಸಿ ಹಚ್ಚುವ ಅವಸರದಲ್ಲಿ ನಾನು ಬೇರೆ ಟ್ರ್ಯಾಕ್ಟರ್ ಕರೆಸಿ, ಹಸಿಯಲ್ಲೇ ಮಣ್ಣು ಪುಡಿಮಾಡುವ ರೋಟವೇಟರ್ ಹೊಡೆಸಿದೆ. ಗಿಡಗಳು ಬೆಳೆಯದೆ ಹಳದಿಯಾದವು. ನಮ್ಮ ಹಳೆಯ ಡ್ರೈವರ್ ಬಂದು ಒಂದನ್ನು ಕಿತ್ತು ತೋರಿಸಿದ. ಬೇರು ಗೇಣುದ್ದ ಇಳಿದು, ಕೆಳಗಿನ ಗಟ್ಟಿ ಪದರಕ್ಕೆ ತಾಗಿ ಅಡ್ಡ ತಿರುಗಿತ್ತು.

"ಹಸಿ ನೆಲಾ ತುಳಿಸಿ ಕೆಳಗ ರೋಡ್ ಹಾಕಿಸೀರಿ ಸಾರ್. ಇನ್ನ ಬಳ್ಳಾರಿ ಬಸ್ ಬಿಡಿಸ್ರಿ!"

ಆಗ ಆತ ನಕ್ಕಿದ್ದನೋ, ಆ ನಗುವನ್ನು ನಾನೇ ಈಗ ಸೇರಿಸುತ್ತಿದ್ದೇನೋ, ಖಚಿತವಿಲ್ಲ. ಬೇಸಿಗೆಯಲ್ಲಿ ನೆಲ ಒಣಗಿ ಬಿರಿದ ಮೇಲೆ ಆತನೇ ಆಳವಾಗಿ ನೇಗಿಲು ಹೊಡೆದು ಆ ಗಟ್ಟಿ ಪದರವನ್ನು ಒಡೆದ. ಮರುವರ್ಷ ಪರೀಕ್ಷೆಗೆಂದು ನಾನೊಂದು ಗಿಡ ಹಿಡಿದೆಳೆದೆ. ಎರಡೂ ಕೈ ಹಾಕಿದರೂ ಅದು ಬರಲಿಲ್ಲ.